ಆಯುಧಪೂಜೆಗೆ ಮೊದಲು ಟ್ರೈಲರಿನ ಚಕ್ರ ಬಿಚ್ಚಿ ನೋಡೋಣ

ಸದಸ್ಯ ಬಂಧುಗಳಿಗೆ ಈ ಸಲ ಅಡಿಕೆಯ ಧಾರಣೆ, ಕಾಫಿಯ ಬೆಲೆ, ಸಾಲದ ಕಂತು ಇವುಗಳನ್ನೆಲ್ಲ ಬದಿಗಿಟ್ಟು ಬೇರೊಂದು ವಿಷಯವನ್ನು ನಿವೇದಿಸಬೇಕೆಂದಿದ್ದೇನೆ. ವಿಷಯ ನೋಡಲಿಕ್ಕೆ ಸಣ್ಣದು. ನಮ್ಮಲ್ಲಿ ಬಹುಮಂದಿಯ ಹಟ್ಟಿಯ ಇಳಿಮಾಡಿನ ಕೆಳಗೆ, ಅರ್ಧ ಒಳಗೂ ಅರ್ಧ ಮಳೆಗೂ ಮೈಯೊಡ್ಡಿಕೊಂಡು ನಿಂತಿರುವ ಟ್ರೈಲರಿನ ವಿಷಯ ಅದು. ಮದ್ದು ಬಿಟ್ಟು ಮುಗಿದ ಮೇಲೆ ಅದನ್ನು ಅಲ್ಲಿ ನಿಲ್ಲಿಸಿದ್ದು. ಇನ್ನು ಅದರ ನೆನಪಾಗುವುದು ನವರಾತ್ರಿಗೆ. ಆಗ ಅದನ್ನು ಅಂಗಳಕ್ಕೆ ಎಳೆದು, ಪೈಪಿನಲ್ಲಿ ನೀರು ಹಾರಿಸಿ ತೊಳೆದು, ಗಂಧ ಕುಂಕುಮ ಹಚ್ಚಿ, ಸೇವಂತಿಗೆ ಮಾಲೆ ಹಾಕಿ, ಚಕ್ರದ ಅಡಿಗೆ ಲಿಂಬೆಹಣ್ಣು ಇಟ್ಟು ಪೂಜೆ ಮಾಡುತ್ತೇವೆ. ಮರುದಿನ ಒಂದೂವರೆ ಟನ್ನು ಹೇರುತ್ತೇವೆ. ಈ ಎರಡು ದಿನಗಳ ನಡುವೆ ಆ ಚಕ್ರವನ್ನು ಬಿಚ್ಚಿ ಒಳಗೆ ಏನಿದೆ ಎಂದು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಯಂತ್ರಕ್ಕೆ ನಾವು ಕೊಡುವ ಗೌರವ ಎಂಜಿನಿನ ಹತ್ತಿರ ಬಂದು ನಿಂತುಬಿಡುತ್ತದೆ. ಟಿಲ್ಲರಿನ ಆಯಿಲು ಬದಲಾಯಿಸುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವ ಕೃಷಿಕರು ನನಗೆ ಗೊತ್ತುಂಟು. ಟ್ರೈಲರಿಗೆ ಎಂಜಿನಿಲ್ಲ, ಶಬ್ದವಿಲ್ಲ, ಹೊಗೆಯಿಲ್ಲ. ಆದ್ದರಿಂದ ಅದೊಂದು ಪೆಟ್ಟಿಗೆ, ಎರಡು ಚಕ್ರ, ಅಷ್ಟೇ ಎಂದು ತಿಳಿಯುವುದು ರೂಢಿಯಾಗಿದೆ. ಆದರೆ ಗುಡ್ಡೆಯಿಂದ ತೋಟಕ್ಕೆ ಇಳಿಯುವಾಗ ಜೀವ ಉಳಿಸುವುದು ಎಂಜಿನಲ್ಲ. ಟಿಲ್ಲರಿಗೆ ಟ್ರೈಲರು ಜೋಡಿಸಿದ ಮೇಲೆ ಕಾಲಿನಿಂದ ಒತ್ತುವ ಬ್ರೇಕು ಸಾಮಾನ್ಯವಾಗಿ ಇರುವುದು ಟ್ರೈಲರಿನಲ್ಲೇ, ಅದೂ ಸೀಟಿನ ಮುಂದೆ ಒಂದು ಪೆಡಲು, ಅಲ್ಲಿಂದ ಹಿಂದಕ್ಕೆ ಒಂದು ಸರಳು, ಎರಡು ಡ್ರಮ್ಮು. ಇಡೀ ಸಂಸಾರಕ್ಕೆ ಇರುವ ಬ್ರೇಕು ಅದೊಂದೇ ಎಂದರೆ ತಪ್ಪಾಗದು.

ನಮ್ಮ ಭೂಮಿಯ ಗುಣವನ್ನು ಮರೆಯಬಾರದು. ಬಂಟ್ವಾಳದಿಂದ ಸಿದ್ಧಕಟ್ಟೆಯ ಮೇಲೆ ಮೂಡುಬಿದಿರೆಗೆ ಹೋಗಿರಿ, ಅಥವಾ ಬಿ.ಸಿ.ರೋಡಿನಿಂದ ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ಎಂದು ಬೆಳ್ತಂಗಡಿಗೆ ಹೋಗಿರಿ. ಮನೆ ಗುಡ್ಡೆಯ ಬದಿಯಲ್ಲಿ, ತೋಟ ಕಣಿವೆಯ ತಳದಲ್ಲಿ, ನಡುವೆ ಮುರಮಣ್ಣಿನ ಇಳಿಜಾರು ಮಾರ್ಗ. ಬಯಲುಸೀಮೆಯ ರೈತನಿಗೆ ಟ್ರೈಲರಿನ ಬ್ರೇಕು ಇದ್ದರೆ ಒಳ್ಳೆಯದು. ನಮಗೆ ಅದು ಇಲ್ಲದಿದ್ದರೆ ಕಷ್ಟವಲ್ಲ, ಅಪಾಯ. ಹೊಸ ಮಣ್ಣು, ಹಟ್ಟಿಗೊಬ್ಬರ, ಸೊಪ್ಪು ಇವೆಲ್ಲ ಹೇರಿಕೊಂಡು ಇಳಿಯುವ ಸಾಮಾನುಗಳು. ಅಡಿಕೆ ಗೊನೆ ಮಾತ್ರ ಹತ್ತುವ ಸಾಮಾನು. ಅಂದರೆ ಭಾರ ಹೊತ್ತ ಟ್ರೈಲರು ನಮ್ಮಲ್ಲಿ ಹೆಚ್ಚಿನ ಸಲ ಇಳಿಯುತ್ತಲೇ ಇರುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ಒಂದು ಮುರಕಲ್ಲು 25 ಕಿಲೋ ಎಂದು ಹಿಡಿದರೂ 60 ಕಲ್ಲಿಗೆ 1,500 ಕಿಲೋ ಆಯಿತು. ಮಾರ್ಗ ಎಂಟಡಿಗೆ ಒಂದಡಿ ಇಳಿಯುತ್ತದೆ ಎನ್ನೋಣ. ನಮ್ಮ ಮನೆಮಾರ್ಗಗಳಲ್ಲಿ ಇದಕ್ಕಿಂತ ಕಡಿದಾದವು ಎಷ್ಟೋ ಉಂಟು. ಆ ಇಳಿಜಾರಿನಲ್ಲಿ ಕಲ್ಲುಗಳೊಂದೇ 180 ಕಿಲೋಗೂ ಹೆಚ್ಚಿನ ಬಲದಿಂದ ಟಿಲ್ಲರನ್ನು ಹಿಂದಿನಿಂದ ದೂಡುತ್ತವೆ, ಟ್ರೈಲರಿನ ಸ್ವಂತ ತೂಕ ಬೇರೆ. ಟಿಲ್ಲರಿನ ತೂಕ ನಾಲ್ಕೈದು ನೂರು ಕಿಲೋ. ಕೊಂಡಿಯ ಪಿನ್ನು ಹಾರಿ ಟ್ರೈಲರು ಬಿಟ್ಟುಕೊಂಡಿತು ಎನ್ನಿ. 50 ಮೀಟರು ಓಡುವಷ್ಟರಲ್ಲಿ ಅದರ ವೇಗ, ತಡೆಯೇ ಇಲ್ಲದಿದ್ದರೆ, ಗಂಟೆಗೆ 40 ಕಿಲೋಮೀಟರು. ಮಣ್ಣಿನ ತಡೆಯನ್ನು ಕಳೆದರೂ 30ಕ್ಕೆ ಕಡಮೆಯಾಗದು. ಆ ಮಾರ್ಗದ ಕೊನೆಯಲ್ಲಿ ಇರುವುದು ಒಂದೋ ತೋಡು, ಇಲ್ಲವೇ ಗೊಬ್ಬರ ಹರಡುತ್ತಿರುವ ಕೆಲಸದವರು.

ಇದರ ಜೊತೆಗೆ ಟಿಲ್ಲರಿಗೆ ಮಾತ್ರ ಇರುವ ಒಂದು ವಿಪರೀತ ಬುದ್ಧಿಯುಂಟು. ಹಳಬರಿಗೆ ಗೊತ್ತು, ಹೊಸದಾಗಿ ಹಿಡಿ ಹಿಡಿದ ಹುಡುಗರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಸಮತಟ್ಟಿನಲ್ಲಿ ಬಲಗೈಯ ಕ್ಲಚ್ಚು ಒತ್ತಿದರೆ ಬಲ ಚಕ್ರಕ್ಕೆ ಶಕ್ತಿ ತಪ್ಪಿ ಅದು ನಿಧಾನವಾಗುತ್ತದೆ, ಟಿಲ್ಲರು ಬಲಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಹಾಗಲ್ಲ. ಅಲ್ಲಿ ಎಂಜಿನು ಚಕ್ರಗಳನ್ನು ಓಡಿಸುತ್ತಿರುವುದಿಲ್ಲ, ಹಿಡಿದು ನಿಲ್ಲಿಸುತ್ತಿರುತ್ತದೆ. ಬಲ ಕ್ಲಚ್ಚು ಒತ್ತಿದ ಕೂಡಲೇ ಬಲ ಚಕ್ರ ಹಿಡಿತ ತಪ್ಪಿ ಜೋರಾಗಿ ಉರುಳುತ್ತದೆ, ಎಡ ಚಕ್ರ ಎಂಜಿನಿನ ಹಿಡಿತದಲ್ಲೇ ಉಳಿಯುತ್ತದೆ, ಟಿಲ್ಲರು ಎಡಕ್ಕೆ ತಿರುಗಿಬಿಡುತ್ತದೆ. ಎಡಕ್ಕೆ ಧರೆ ಇದ್ದರೆ ಪುಣ್ಯ, ಪ್ರಪಾತ ಇದ್ದರೆ ಗ್ರಹಚಾರ. ಹಿಂದಿನಿಂದ ಒಂದೂವರೆ ಟನ್ನು ದೂಡುತ್ತಿರುವಾಗ ಈ ಆಟ ಇನ್ನೂ ಚುರುಕು. ಟ್ರೈಲರಿನ ಬ್ರೇಕು ಹಿಡಿದು ಭಾರ ಹಿಂದಕ್ಕೆ ಜಗ್ಗಿದರೆ ಮಾತ್ರ ಟಿಲ್ಲರು ತನ್ನ ಸಹಜ ಬುದ್ಧಿಗೆ ಮರಳುತ್ತದೆ. ಇಳಿಯುವ ಮೊದಲೇ ಸಣ್ಣ ಗೇರಿಗೆ ಹಾಕಬೇಕು, ಇಳಿಯುವಾಗ ದೊಡ್ಡ ಕ್ಲಚ್ಚು ಒತ್ತಬಾರದು ಎಂಬುದು ಸರಿ. ಆದರೆ ಅದು ಬ್ರೇಕಿಗೆ ಬದಲಿಯಲ್ಲ.

ಹೋದ ವರ್ಷ ನಮ್ಮ ಸದಸ್ಯರೊಬ್ಬರ ತೋಟದಲ್ಲಿ ಗೊಬ್ಬರ ತುಂಬಿದ ಟ್ರೈಲರು ಟಿಲ್ಲರನ್ನೂ ಎಳೆದುಕೊಂಡು ಮಾರ್ಗ ಬಿಟ್ಟು ಎರಡಾಳು ಕೆಳಗೆ ಬಿತ್ತು. ಟಿಲ್ಲರು ನಡೆಸುತ್ತಿದ್ದಾತ ಧರೆಯ ಬದಿಗೆ ಹಾರಿದ್ದರಿಂದ ಕಾಲಿನ ಎಲುಬಿಗೆ ಬಂದದ್ದು ಅಲ್ಲಿಗೇ ಹೋಯಿತು. ಫಲ ಕೊಡುವ ಅಡಿಕೆಮರ ಏಳು ಮುರಿದವು. ಮರುದಿನ ಎಲ್ಲರೂ ಸೇರಿ ಟ್ರೈಲರನ್ನು ಎತ್ತಿದಾಗ ನಾನೂ ನೋಡಿದೆ. ಪೆಡಲು ಇತ್ತು, ಸರಳು ಇತ್ತು. ಡ್ರಮ್ಮಿನ ಒಳಗೆ ಬ್ರೇಕನ್ನು ಅಗಲಿಸುವ ಕ್ಯಾಮಿನ ದಂಡ ತುಕ್ಕು ಹಿಡಿದು ತೂತಿನಲ್ಲಿ ಕಚ್ಚಿಕೊಂಡಿತ್ತು; ಸುತ್ತಿಗೆಯಿಂದ ಹೊಡೆದರೂ ಅಲುಗಲಿಲ್ಲ. ಇನ್ನೊಂದು ಬದಿಯ ಡ್ರಮ್ಮು ಬಿಚ್ಚಿದರೆ ಲೈನಿಂಗು ಗ್ರೀಸಿನಲ್ಲಿ ಮಿಂದು ಹೊಳೆಯುತ್ತಿತ್ತು. ಆ ಟ್ರೈಲರಿಗೆ ಐದು ವರ್ಷವೂ ಆಗಿರಲಿಲ್ಲ, ಬಣ್ಣ ಚೆನ್ನಾಗಿಯೇ ಇತ್ತು.

ಐದೇ ವರ್ಷದಲ್ಲಿ ಹೀಗಾಗುವುದೇಕೆ ಎಂದು ಕೇಳಬಹುದು. ನನ್ನ ಅಭಿಪ್ರಾಯದಲ್ಲಿ ಕಾರಣ ಓಡಿಸಿದ್ದಲ್ಲ, ನಿಲ್ಲಿಸಿದ್ದು. ಟ್ರೈಲರು ಓಡಿ ಸವೆಯುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು. ಈ ಮಾತಿಗೆ ದೂರದ ಒಂದು ನಿದರ್ಶನ ಕೊಡುತ್ತೇನೆ. ಎಂಜಿನಿಲ್ಲದೆ ಗಾಳಿಯ ಮೇಲೆ ತೇಲುವ ಗ್ಲೈಡರು ಎಂಬ ವಿಮಾನಗಳುಂಟು. ಯುರೋಪಿನಲ್ಲಿ ಅವುಗಳ ಕ್ಲಬ್ಬುಗಳು ಬಹಳ. ರೆಕ್ಕೆ ಕಳಚಿ, ಉದ್ದನೆಯ ಮುಚ್ಚಿದ ಟ್ರೈಲರಿನಲ್ಲಿಟ್ಟು, ಕಾರಿನ ಹಿಂದೆ ಕಟ್ಟಿ ಊರಿಂದೂರಿಗೆ ಒಯ್ಯುತ್ತಾರೆ. ಆ ಟ್ರೈಲರುಗಳು ವರ್ಷದಲ್ಲಿ ಓಡುವುದು ಕೆಲವೇ ದಿನ, ಉಳಿದ ಕಾಲವೆಲ್ಲ ಹುಲ್ಲಿನ ಮೈದಾನದ ಬದಿಯಲ್ಲಿ ಮಳೆ ಹಿಮ ತಿನ್ನುತ್ತ ನಿಂತಿರುತ್ತವೆ. ಅವರ ತಲೆನೋವೂ ನಮ್ಮದೇ: ಡ್ರಮ್ಮಿಗೆ ಅಂಟಿಕೊಂಡ ಬ್ರೇಕು, ನೀರು ಸೇರಿದ ಬೇರಿಂಗು. ಆದ್ದರಿಂದಲೇ ಬಹುಕಾಲ ನಿಲ್ಲಿಸುವಾಗ ಕೈಬ್ರೇಕು ಹಾಕದೆ ಚಕ್ರಕ್ಕೆ ಅಡ್ಡ ಕೊಡಬೇಕು, ಋತು ಆರಂಭವಾಗುವ ಮೊದಲು ಚಕ್ರ ಬಿಚ್ಚಬೇಕು ಎಂಬುದು ಅಲ್ಲಿ ಬಲ್ಲವರ ಕ್ರಮ. ಅಲ್ಲಿಯ ಕಾನೂನಿನಂತೆ ಹೇರು ಸೇರಿ 750 ಕಿಲೋ ಮೀರುವ ಟ್ರೈಲರಿಗೆ ಬ್ರೇಕು ಇರಲೇಬೇಕು. ಸಣ್ಣ ಟ್ರೈಲರುಗಳಲ್ಲಿ ಬಹುಮಟ್ಟಿಗೆ ಅವರು ಬಳಸುವುದು ತಾನಾಗಿ ಹಿಡಿಯುವ ಬ್ರೇಕು: ಮುಂದಿನ ಗಾಡಿ ನಿಧಾನವಾದಾಗ ಹಿಂದಿನ ಟ್ರೈಲರು ಮುಂದಕ್ಕೆ ದೂಡುತ್ತದಷ್ಟೆ, ಆ ದೂಡುವ ಬಲವೇ ಕೊಂಡಿಯಲ್ಲಿರುವ ಜಾರುಕೊಳವೆಯನ್ನು ಒಳಕ್ಕೆ ಒತ್ತಿ ಟ್ರೈಲರಿನ ಬ್ರೇಕನ್ನು ಎಳೆಯುತ್ತದೆ. ಹೆಚ್ಚು ದೂಡಿದಷ್ಟೂ ಹೆಚ್ಚು ಹಿಡಿತ. ನಮ್ಮ ಇಳಿಜಾರಿಗೆ ಹೇಳಿ ಮಾಡಿಸಿದಂಥ ಉಪಾಯ. ನಮ್ಮ ಗರೇಜಿನವರ ಕೈಗೆ ಇದು ನಿಲುಕದ್ದೇನಲ್ಲ, ಯಾರಾದರೂ ಉತ್ಸಾಹಿಗಳು ಮಾಡಿ ನೋಡಲಿ. ನನ್ನ ಒತ್ತಾಯ ಅದಲ್ಲ. ಇರುವ ಪೆಡಲಿನ ಬ್ರೇಕು ಒತ್ತಿದಾಗ ಹಿಡಿಯಲಿ, ಅಷ್ಟು ಸಾಕು.

ಯುರೋಪಿನ ಮಳೆಗಿಂತ ನಮ್ಮದು ಎಷ್ಟು ಪಾಲು ಹೆಚ್ಚು ಎಂದು ಹೇಳಬೇಕಾಗಿಲ್ಲ. ಅದೂ ಅಲ್ಲದೆ ನಮ್ಮ ಟ್ರೈಲರು ಹೊರುವ ಸಾಮಾನುಗಳೆಲ್ಲ ಕಬ್ಬಿಣದ ಹಗೆಗಳೇ. ಮೈಲುತುತ್ತಿನ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಇಡಬಾರದೆಂದು ನಮ್ಮ ಮಕ್ಕಳಿಗೂ ಗೊತ್ತು. ಬೋರ್ಡೋ ದ್ರಾವಣ ಹದಕ್ಕೆ ಬಂದಿದೆಯೇ ಎಂದು ನೋಡಲು ಕತ್ತಿಯ ಅಲಗನ್ನು ಅದ್ದಿ, ತಾಮ್ರದ ಬಣ್ಣ ಏರುತ್ತದೆಯೇ ಎಂದು ಪರೀಕ್ಷಿಸುವವರು ನಾವು. ಅದೇ ಮೈಲುತುತ್ತಿನ ನೀರು ಬ್ಯಾರೆಲಿನಿಂದ ತುಳುಕಿ ಆಕ್ಸಲಿನ ಮೇಲೆ ಸುರಿದರೆ ಅಲ್ಲಿ ಮಾತ್ರ ಸುಮ್ಮನಿರುತ್ತದೆಯೇ? ಪೊಟಾಷು ಗೊಬ್ಬರವೆಂದು ನಾವು ಹಾಕುವುದು ಒಂದು ಜಾತಿಯ ಉಪ್ಪು. ಹಟ್ಟಿಗೊಬ್ಬರದಲ್ಲಿ ಗಂಜಳ. ಇವನ್ನೆಲ್ಲ ಹೇರಿ, ತೊಳೆಯದೆ ನಾಲ್ಕು ತಿಂಗಳು ಥಂಡಿಯಲ್ಲಿ ನಿಲ್ಲಿಸಿದರೆ ಕಬ್ಬಿಣ ಉಳಿಯುವುದು ಹೇಗೆ?

ಇನ್ನು ತೋಡು ದಾಟುವ ಮಾತು. ಓಡಿ ಬಂದ ಚಕ್ರದ ಹಬ್ಬು ಬಿಸಿಯಾಗಿರುತ್ತದೆ. ಅದು ತಣ್ಣೀರಿಗೆ ಮುಳುಗಿದೊಡನೆ ಒಳಗಿನ ಗಾಳಿ ಕುಗ್ಗಿ, ಆಯಿಲ್ ಸೀಲು ಹಳತಾಗಿದ್ದರೆ ಅದರ ಸಂದಿನಿಂದ ನೀರನ್ನು ಒಳಗೆ ಹೀರಿಕೊಳ್ಳುತ್ತದೆ. ಒಳಹೊಕ್ಕ ನೀರು ಗ್ರೀಸಿನೊಡನೆ ಸೇರಿ ಬೆಳ್ಳಗೆ ಹಾಲಿನ ಕೆನೆಯಂತಾಗುತ್ತದೆ. ಅಂಥ ಗ್ರೀಸು ಕಂಡರೆ ಆ ಬೇರಿಂಗಿನ ಆಯುಷ್ಯ ಮುಗಿಯುತ್ತ ಬಂತೆಂದೇ ತಿಳಿಯಬೇಕು. ಪೂಜೆಯ ಮುನ್ನಾದಿನ ಪೈಪಿನ ರಭಸದ ನೀರನ್ನು ಹಬ್ಬಿನ ಮೇಲೆ ಹಾಯಿಸುವುದೂ ಇದೇ ಕೆಲಸ ಮಾಡುತ್ತದೆ. ಕೆಸರು ತೊಳೆಯಬೇಕು ನಿಜ, ಆದರೆ ಹಬ್ಬಿನ ಹಿಂಬದಿಗೆ ನೇರ ಗುರಿಯಿಟ್ಟು ಹೊಡೆಯಬಾರದು. ತೋಡು ದಾಟಿದ ಮೇಲೆ ಬ್ರೇಕು ಒದ್ದೆಯಾಗಿ ಹಿಡಿಯುವುದಿಲ್ಲ. ಹತ್ತಿಪ್ಪತ್ತು ಮಾರು ಪೆಡಲನ್ನು ಹಗುರವಾಗಿ ಒತ್ತಿಕೊಂಡೇ ಹೋದರೆ ಒಣಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಟ್ರೈಲರನ್ನು ಸಮನೆಲದಲ್ಲಿ ನಿಲ್ಲಿಸಿ, ಒಂದು ಚಕ್ರಕ್ಕೆ ಎರಡೂ ಬದಿಯಲ್ಲಿ ಅಡ್ಡ ಕೊಟ್ಟು ಇನ್ನೊಂದನ್ನು ಜಾಕಿಯಿಂದ ಎತ್ತಬೇಕು. ಜಾಕಿಯನ್ನೇ ನಂಬಿ ಅಡಿಗೆ ಹೋಗಬಾರದು, ಗಟ್ಟಿಮರದ ದಿಮ್ಮಿ ಕೊಡಬೇಕು. ಎತ್ತಿದ ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಾಡಿಸಿದರೆ ಟಕಟಕ ಎನ್ನುತ್ತದೆಯೇ? ತಿರುಗಿಸಿದರೆ ಬೀಸುವ ಕಲ್ಲಿನಂತೆ ಗರಗರ ಸದ್ದು ಬರುತ್ತದೆಯೇ? ಎರಡೂ ಇಲ್ಲದಿದ್ದರೂ ಬಿಚ್ಚಿ ನೋಡುವುದೇ ಲೇಸು. ಹಬ್ಬಿನ ಒಳಗೆ ಸಾಮಾನ್ಯವಾಗಿ ಎರಡು ಬೇರಿಂಗು, ಒಳಗಿನದು ದೊಡ್ಡದು, ಹೊರಗಿನದು ಸಣ್ಣದು. ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ತೊಳೆದು, ಒಣಗಿಸಿ, ಬೆಳಕಿಗೆ ಹಿಡಿದು ನೋಡಬೇಕು. ಉರುಳೆಗಳಲ್ಲಿ ಸಣ್ಣ ಗುಳಿ ಬಿದ್ದಿದ್ದರೆ, ನೀಲಿಬಣ್ಣಕ್ಕೆ ತಿರುಗಿದ್ದರೆ ಮತ್ತೆ ಹಾಕಲೇಬಾರದು. ನೀಲಿ ಎಂದರೆ ಅದು ಸುಟ್ಟಿದೆ ಎಂದರ್ಥ. ಬೇರಿಂಗು ಬದಲಿಸಿದರೆ ಅದು ಕೂರುವ ಹೊರಬಳೆಯನ್ನೂ ಬದಲಿಸಬೇಕು. ಹಳೆಯ ಬಳೆಗೆ ಹೊಸ ಬೇರಿಂಗು ಹಾಕುವುದು ಉಳಿತಾಯವಲ್ಲ.

ಗ್ರೀಸಿನ ವಿಷಯದಲ್ಲಿ ನಮ್ಮವರ ಔದಾರ್ಯ ಒಂದೋ ಪೂರ್ತಿ ಇಲ್ಲ, ಇಲ್ಲವೇ ಪೂರ್ತಿ ಉಂಟು. ಹಬ್ಬಿನ ತುಂಬ ಗ್ರೀಸು ತುರುಕಿದರೆ ಬಿಸಿಗೆ ಉಬ್ಬಿ ಸೀಲನ್ನು ದೂಡಿ ಡ್ರಮ್ಮಿಗೆ ಇಳಿಯುತ್ತದೆ, ಬ್ರೇಕು ಹೋಯಿತು. ಅಂಗೈಯಲ್ಲಿ ಗ್ರೀಸು ಇಟ್ಟುಕೊಂಡು ಬೇರಿಂಗನ್ನು ಅದಕ್ಕೆ ಒತ್ತಿ ಒತ್ತಿ ಉರುಳೆಗಳ ನಡುವೆ ತುಂಬುವಂತೆ ಮಾಡಬೇಕು. ಹಬ್ಬಿನ ಪೊಳ್ಳಿನಲ್ಲಿ ಅರ್ಧಕ್ಕಿಂತ ಕಡಮೆ ಸಾಕು. ಚಕ್ರದ ಬೇರಿಂಗಿಗೆಂದೇ ಮಾರುವ ಗ್ರೀಸು ಬೇರೆ, ಪಂಪಿಗೆ ಹಚ್ಚುವ ಗ್ರೀಸು ಬೇರೆ. ಹಳೆಯದನ್ನು ಪೂರ್ತಿ ತೆಗೆಯದೆ ಬೇರೆ ಜಾತಿಯದನ್ನು ಅದರ ಮೇಲೆ ಹಾಕಿದರೆ ಎರಡೂ ಸೇರಿ ನೀರಾಗಿ ಹರಿಯುವುದುಂಟು. ಆಯಿಲ್ ಸೀಲನ್ನು ಬಿಚ್ಚಿದಾಗಲೆಲ್ಲ ಹೊಸತು ಹಾಕಬೇಕು. ನಟ್ಟನ್ನು ಚಕ್ರ ತಿರುಗಿಸುತ್ತಲೇ ಬಿಗಿದು, ಚಕ್ರ ಬಿಗಿಯಾಗಿದೆ ಎನಿಸಿದ ಕೂಡಲೇ ಸ್ವಲ್ಪ ಹಿಂದಕ್ಕೆ ಸಡಿಲಿಸಿ, ತೂತು ಸರಿಹೊಂದಿದಲ್ಲಿ ಹೊಸ ಸ್ಪ್ಲಿಟ್ ಪಿನ್ನು ಹಾಕಬೇಕು. ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವುದು, ಅದೂ ಇಲ್ಲದಿದ್ದರೆ ಬೇಲಿಯ ತಂತಿ ಸುತ್ತುವುದು ನಾನು ಕಂಡ ಕ್ರಮ. ಹಿಂದೆ ಎತ್ತಿನ ಗಾಡಿಗೆ ಕಡೆಗೀಲು ಹೇಗೋ ಈಗಿನ ಟ್ರೈಲರಿಗೆ ಈ ಪಿನ್ನು ಹಾಗೆ. ಗಾಡಿ ಹೂಡುವ ಮೊದಲು ಕಡೆಗೀಲು ಮುಟ್ಟಿ ನೋಡದೆ, ಅಚ್ಚಿಗೆ ಕೀಲೆಣ್ಣೆ ಹಚ್ಚದೆ ನಮ್ಮ ಅಜ್ಜಂದಿರು ಹೊರಡುತ್ತಿರಲಿಲ್ಲ. ಘಟ್ಟದ ಮೇಲಿನ ಕಾಫಿ ಮಂಗಳೂರಿಗೆ ಇಳಿದದ್ದು ಒಂದು ಕಾಲದಲ್ಲಿ ಆ ಗಾಡಿಗಳಲ್ಲೇ.

ಬ್ರೇಕಿನ ಕಡೆಗೆ ಬಂದರೆ, ಡ್ರಮ್ಮಿನೊಳಗಿನ ಹುಡಿಯನ್ನು ಬಾಯಿಯಿಂದ ಊದಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವುದುಂಟು, ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರಿನವರೆಗೆ ಮುಟ್ಟೀತು; ಒದ್ದೆ ಬಟ್ಟೆಯಿಂದ ಒರಸಿ ತೆಗೆಯಬೇಕು. ಗ್ರೀಸು ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವವರುಂಟು. ಅದು ಎರಡು ದಿನದ ಸಮಾಧಾನ, ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಕ್ಯಾಮಿನ ದಂಡವನ್ನು ಹೊರತೆಗೆದು ತುಕ್ಕು ಉಜ್ಜಿ ತೆಳ್ಳಗೆ ಗ್ರೀಸು ಸವರಬೇಕು. ಸರಳಿನ ಗೂಟಗಳು ಸವೆದು ತೂತು ಅಗಲವಾಗಿದ್ದರೆ ಪೆಡಲಿನ ಅರ್ಧ ಒತ್ತು ಅಲ್ಲೇ ಕಳೆದುಹೋಗುತ್ತದೆ. ಎಲ್ಲ ಜೋಡಿಸಿದ ಮೇಲೆ ಎರಡೂ ಚಕ್ರಗಳನ್ನು ಒಂದೊಂದಾಗಿ ಎತ್ತಿ, ಒಬ್ಬರು ಪೆಡಲು ಒತ್ತುವಾಗ ಇನ್ನೊಬ್ಬರು ಚಕ್ರ ತಿರುಗಿಸಿ ನೋಡಬೇಕು. ಒಂದು ಮೊದಲು ಹಿಡಿದು ಇನ್ನೊಂದು ಆಮೇಲೆ ಹಿಡಿದರೆ ಟ್ರೈಲರು ಹಿಡಿದ ಬದಿಗೆ ಎಳೆಯುತ್ತದೆ. ಮುರಮಣ್ಣಿನ ಮೇಲೆ ಅದು ಬ್ರೇಕಿಲ್ಲದಷ್ಟೇ ಕೆಡುಕು.

ಆಕ್ಸಲಿನ ವಿಷಯದಲ್ಲಿ ಒಂದೆರಡು ಮಾತು ಸಾಕು. ಟಯರು ಒಂದೇ ಬದಿಯಲ್ಲಿ ಸವೆಯುತ್ತಿದ್ದರೆ ಆಕ್ಸಲು ಬಗ್ಗಿದೆಯೆಂದು ಸಂಶಯಪಡಬೇಕು. ಕಮಾನುಪಟ್ಟಿಯನ್ನು ಆಕ್ಸಲಿಗೆ ಬಿಗಿದ ಯು ಬೋಲ್ಟುಗಳು ಸಡಿಲವಾದರೆ ನಡುವಿನ ಬೋಲ್ಟು ತುಂಡಾಗಿ ಟ್ರೈಲರು ಏಡಿಯಂತೆ ಓರೆಯಾಗಿ ನಡೆಯತೊಡಗುತ್ತದೆ. ಆಕ್ಸಲಿನ ತುದಿ ಬಿರುಕು ಬಿಟ್ಟಾಗ ಅಲ್ಲಿಗೆ ವೆಲ್ಡಿಂಗು ಮಾಡಿಸುವುದು ನಮ್ಮಲ್ಲಿ ಸಾಮಾನ್ಯ. ಗಟ್ಟಿ ಉಕ್ಕನ್ನು ಕ್ರಮವಾಗಿ ಕಾಯಿಸದೆ ಬೆಸೆದರೆ ಅದು ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ, ಮುರಿಯುವುದು ಭಾರ ಹೇರಿದ ದಿನವೇ. ಇನ್ನೊಂದು, ಟ್ರೈಲರಿನ ಮೈಯಲ್ಲಿ ಎಲ್ಲಿ ವೆಲ್ಡಿಂಗು ಮಾಡಿಸಿದರೂ ಅರ್ತಿಂಗಿನ ಚಿಮಟವನ್ನು ಬೆಸೆಯುವ ಜಾಗದ ಹತ್ತಿರವೇ ಕಚ್ಚಿಸಲು ಹೇಳಿರಿ. ಚಕ್ರಕ್ಕೆ ಕಚ್ಚಿಸಿದರೆ ಕರೆಂಟು ಬೇರಿಂಗಿನ ಮೂಲಕವೇ ಹಾದುಹೋಗಿ ಉರುಳೆಗಳನ್ನು ಸುಡುತ್ತದೆ. ಆಮೇಲೆ ಬೇರಿಂಗು ಕಂಪೆನಿಯನ್ನು ಬೈದು ಪ್ರಯೋಜನವಿಲ್ಲ.

ಚಕ್ರಕ್ಕೆ ಅಡ್ಡ ಕೊಡಲು ನಾವು ಬಳಸುವುದು ಕೈಗೆ ಸಿಕ್ಕಿದ ಮುರಕಲ್ಲಿನ ತುಂಡು. ಮುರಕಲ್ಲು ಮಳೆಗಾಲದಲ್ಲಿ ಟಯರಿನ ಕೆಳಗೆ ಹುಡಿಯಾಗುವುದನ್ನು ನೋಡದವರಿಲ್ಲ. ಹಲಸೋ ಮಾವೋ ಯಾವುದಾದರೂ ಮರದ ಎರಡು ಆಪು ಕಡಿದು, ಹಗ್ಗ ಕಟ್ಟಿ ಟ್ರೈಲರಿಗೇ ನೇತುಹಾಕಿದರೆ ಖರ್ಚೂ ಇಲ್ಲ, ಹುಡುಕುವ ಕೆಲಸವೂ ಇಲ್ಲ. ಕೊಂಡಿಗೆ ಕಬ್ಬಿಣದ ಸರಳಿನ ತುಂಡು ತೂರಿಸುವ ಪದ್ಧತಿಯನ್ನೂ ಬಿಡಬೇಕು. ಸರಿಯಾದ ಪಿನ್ನು, ಅದು ಹಾರದಂತೆ ಅದಕ್ಕೊಂದು ಕ್ಲಿಪ್ಪು.

ಘಟ್ಟದ ಮೇಲೆ ತೋಟವಿರುವ ಕಾಫಿ ಸದಸ್ಯರಲ್ಲಿ ಟಿಲ್ಲರಿಗಿಂತ ಟ್ರಾಕ್ಟರು ಹೆಚ್ಚು. ಅಲ್ಲಿ ಕಷ್ಟ ಇನ್ನೊಂದು ರೂಪದ್ದು. ಟ್ರಾಕ್ಟರಿಗೆ ಒಳ್ಳೆಯ ಬ್ರೇಕುಂಟು, ಹಿಂದಿನ ಟ್ರೈಲರಿಗೆ ಅನೇಕ ಕಡೆ ಏನೂ ಇಲ್ಲ. ಇಳಿಜಾರಿನ ತಿರುವಿನಲ್ಲಿ ಟ್ರಾಕ್ಟರು ನಿಂತರೂ ಟ್ರೈಲರು ನಿಲ್ಲುವುದಿಲ್ಲ. ಟ್ರಾಕ್ಟರಿನ ಹಿಂಭಾಗವನ್ನು ಪಕ್ಕಕ್ಕೆ ದೂಡಿ ಚಾಕು ಮಡಚಿದ ಹಾಗೆ ಮಡಚಿಬಿಡುತ್ತದೆ. ಟ್ರಾಕ್ಟರಿನ ಎರಡು ಬ್ರೇಕು ಪೆಡಲುಗಳನ್ನು ಗದ್ದೆಯಲ್ಲಿ ಬೇರೆ ಬೇರೆ ಒತ್ತಿದರೂ ಮಾರ್ಗಕ್ಕೆ ಬಂದ ಮೇಲೆ ಕೊಂಡಿ ಹಾಕಿ ಒಂದು ಮಾಡಲೇಬೇಕು. ಸಂಜೆ ಹಣ್ಣಿನ ಚೀಲಗಳ ಮೇಲೆ ಹತ್ತು ಹದಿನೈದು ಮಂದಿ ಕೆಲಸದವರು ಕುಳಿತು ಲೈನಿಗೆ ಮರಳುವ ದೃಶ್ಯ ಕೊಯ್ಲಿನ ದಿನಗಳಲ್ಲಿ ಎಲ್ಲೆಲ್ಲೂ ಉಂಟು. ಅವರು ನಮ್ಮ ಕೆಲಸಕ್ಕೆ ಬಂದವರು. 1988ರ ಮೋಟಾರು ವಾಹನ ಕಾಯಿದೆಯ ಕಣ್ಣಿಗೆ ಟ್ರೈಲರು ಬೇರೆಯೇ ಒಂದು ವಾಹನ. ಅದಕ್ಕೆ ತನ್ನದೇ ನೋಂದಣಿ ಬೇಕು, ವಿಮೆಯಲ್ಲೂ ಅದನ್ನು ಪ್ರತ್ಯೇಕವಾಗಿ ಕಾಣಿಸಬೇಕು. ಹೇರಿನ ಮೇಲೆ ಕುಳಿತವರಿಗೆ ಏನಾದರೂ ಆದಾಗ ವಿಮೆಯವರು ತಕರಾರು ಎತ್ತುವುದು ಅಲ್ಲಿಯೇ, ಪರಿಹಾರದ ಹೊರೆ ಬಂದು ಕೂರುವುದು ತೋಟದ ಯಜಮಾನನ ತಲೆಯ ಮೇಲೆ. ಅವರನ್ನು ಜೀಪಿನಲ್ಲಿ ಕಳುಹಿಸಿರಿ, ಇಲ್ಲವೇ ನಡೆಯಲು ಬಿಡಿರಿ.

ಈಗ ನಮ್ಮ ಸಂಘದ ವಿಚಾರ. ಟ್ರೈಲರಿಗೆ ಸಾಲ ಕೊಡುವಾಗ ಸಂಘ ಕೊಟೇಶನು ಕೇಳುತ್ತದೆ, ಪಹಣಿ ಕೇಳುತ್ತದೆ, ಇಬ್ಬರು ಜಾಮೀನುದಾರರನ್ನು ಕೇಳುತ್ತದೆ. ಬ್ರೇಕಿನ ಬಗ್ಗೆ ಅರ್ಜಿಯಲ್ಲಿ ಒಂದು ಸಾಲೂ ಇಲ್ಲ. ಕೊಳ್ಳುವವರು ಗರೇಜಿಗೆ ಹೋಗಿ ತಗಡು ಎಷ್ಟು ದಪ್ಪ, ಬಣ್ಣ ಯಾವುದು, ಹೆಸರು ಬರೆಸಿ ಕೊಡುತ್ತೀರಾ ಎಂದು ಕೇಳುತ್ತಾರೆ. ಕೇಳದ್ದನ್ನು ಗರೇಜಿನವನು ಏಕೆ ಮಾಡಿಯಾನು? ಆದ್ದರಿಂದ ಸಾಲದ ಕೊನೆಯ ಕಂತು ಬಿಡುಗಡೆಯಾಗುವ ಮೊದಲು ಟ್ರೈಲರನ್ನು ಭಾರ ಹೇರಿ ಒಂದು ಇಳಿಜಾರಿನಲ್ಲಿ ಬ್ರೇಕು ಒತ್ತಿ ನಿಲ್ಲಿಸಿ ತೋರಿಸಬೇಕು ಎಂಬ ಷರತ್ತನ್ನು ಸೇರಿಸಬೇಕೆಂದು ನಾನು ನಿರ್ದೇಶಕರ ಸಭೆಯ ಮುಂದೆ ಇಟ್ಟಿದ್ದೇನೆ. ಎರಡನೆಯ ಸೂಚನೆ, ಮೈಲುತುತ್ತು, ಸುಣ್ಣದ ಜೊತೆಗೆ ನಮ್ಮ ಗೋದಾಮಿನಲ್ಲಿ ಸಾಮಾನ್ಯ ಅಳತೆಯ ಬೇರಿಂಗು, ಆಯಿಲ್ ಸೀಲು, ಲೈನಿಂಗು, ಗ್ರೀಸು ಇಡಬೇಕು. ಮೂರನೆಯದು, ಪ್ರತಿ ವರ್ಷ ನವರಾತ್ರಿಗೆ ಮುಂಚಿನ ವಾರ ಸಂಘದ ಅಂಗಳದಲ್ಲಿ ಎರಡು ದಿನ ಒಬ್ಬ ಅನುಭವಿ ಮೆಕ್ಯಾನಿಕನನ್ನು ಕೂರಿಸಿ ಸದಸ್ಯರ ಟ್ರೈಲರುಗಳನ್ನು ಬಿಚ್ಚಿ ನೋಡುವ ಏರ್ಪಾಡು.

ಇದಕ್ಕೆ ಆಕ್ಷೇಪಣೆ ಇಲ್ಲದಿಲ್ಲ. ಸಂಘ ಇರುವುದು ಅಡಿಕೆ ಕಾಫಿ ಮಾರಲಿಕ್ಕೆ, ಗರೇಜು ನಡೆಸಲಿಕ್ಕಲ್ಲ ಎಂದು ಹಿರಿಯ ನಿರ್ದೇಶಕರೊಬ್ಬರು ಹೇಳಿದ್ದಾರೆ. ಅವರ ಮಾತಿನಲ್ಲಿ ತೂಕವುಂಟು. ಕೈಗೆ ಬಂದದ್ದನ್ನೆಲ್ಲ ಮಾಡಹೊರಟು ಮುಳುಗಿದ ಸಹಕಾರಿ ಸಂಘಗಳು ಎಷ್ಟೋ. ಆದರೆ ಸ್ಪ್ರೇಯರಿನ ಬಿಡಿಭಾಗ ಮಾರುವಾಗ ಈ ಪ್ರಶ್ನೆ ಏಳಲಿಲ್ಲ. ಕೊಳೆರೋಗಕ್ಕೆ ಮದ್ದು ಒದಗಿಸುವುದು ಸಂಘದ ಕೆಲಸವಾದರೆ ಆ ಮದ್ದಿನ ಬ್ಯಾರೆಲು ಸುರಕ್ಷಿತವಾಗಿ ತೋಟಕ್ಕೆ ಇಳಿಯುವುದೂ ಸಂಘದ ಚಿಂತೆಗೆ ಸೇರಿದ್ದೇ ಎಂದು ನನ್ನ ವಾದ. ಇನ್ನೊಬ್ಬರು ಖರ್ಚಿನ ಮಾತು ಎತ್ತಿದರು. ಬೇರಿಂಗು ಚೆನ್ನಾಗಿದ್ದರೆ ಒಂದು ಟ್ರೈಲರಿಗೆ ಬೇಕಾಗುವುದು ಎರಡು ಆಯಿಲ್ ಸೀಲು, ಎರಡು ಸ್ಪ್ಲಿಟ್ ಪಿನ್ನು, ಸ್ವಲ್ಪ ಗ್ರೀಸು. ಮರ ಹತ್ತಿ ಗೊನೆ ಕೊಯ್ಯುವವರಿಗೆ ನಾವು ಕೊಡುವ ಒಂದು ದಿನದ ಸಂಬಳ ಅದಕ್ಕೆ ಧಾರಾಳವಾಯಿತು.

ಷರತ್ತಿನ ವಿಷಯ ಮುಂದಿನ ಸಭೆಯಲ್ಲಿ ತೀರ್ಮಾನವಾಗಲಿಕ್ಕಿದೆ. ಸದಸ್ಯರು ಪರವಾಗಿಯೋ ವಿರೋಧವಾಗಿಯೋ ಒಂದು ಕಾರ್ಡು ಬರೆದು ಹಾಕಿದರೆ ಉಪಕಾರವಾಗುತ್ತದೆ. ತಪಾಸಣೆಯ ಎರಡು ದಿನಗಳಿಗೆ ಮಾತ್ರ ಒಪ್ಪಿಗೆ ಸಿಕ್ಕಿದೆ. ಟ್ರೈಲರು ತರುವವರು ಖಾಲಿಯಾಗಿ ತರಲಿ, ತಮ್ಮ ತಮ್ಮ ಜಾಕಿಯನ್ನೂ ಎರಡು ದಿಮ್ಮಿಗಳನ್ನೂ ಜೊತೆಗೆ ತರಲಿ. ತುಕ್ಕು ಹಿಡಿದ ಚಕ್ರದ ನಟ್ಟುಗಳಿಗೆ ಎರಡು ದಿನ ಮೊದಲೇ ಎಣ್ಣೆ ಬಿಟ್ಟಿಟ್ಟರೆ ಕೆಲಸ ಬೇಗ ಸಾಗುತ್ತದೆ. ಟಿಲ್ಲರು ನಡೆಸುವ ಹುಡುಗನನ್ನೇ ಕಳುಹಿಸಿರಿ, ಅವನೂ ಒಳಗಿರುವುದನ್ನು ಕಣ್ಣಾರೆ ನೋಡಲಿ.